ಕೊನೆಗೆ ಬಂದವರಿಗೂ ಪೂರ್ಣ ಕೂಲಿ: ದ್ರಾಕ್ಷೀತೋಟದ ಸಾಮತಿಯನ್ನು ಕಾಫಿ ತೋಟದಲ್ಲಿ ಪಾಲಿಸುವುದು ಹೇಗೆ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಒಬ್ಬ ಬೆಳೆಗಾರ

ಎಲ್ಲರಿಗೂ ವಂದನೆಗಳು. ಮೂಡಿಗೆರೆಯ ಸಮೀಪ ನಮಗೆ 6 ಎಕರೆ ಕಾಫಿ ತೋಟವಿದೆ. ಕೊಯ್ಲಿನ ಕಾಲದಲ್ಲಿ ಹತ್ತು ಹನ್ನೆರಡು ಮಂದಿ ಕೆಲಸಕ್ಕೆ ಬರುತ್ತಾರೆ. ಉಳಿದ ತಿಂಗಳುಗಳಲ್ಲಿ ಮೂವರು ಮಾತ್ರ. ರೊಬಸ್ಟಾ ಹಣ್ಣನ್ನು ಕಿಲೋ ಲೆಕ್ಕದಲ್ಲಿ ಕೊಯ್ಯಿಸುತ್ತೇವೆ. ಅರೇಬಿಕಾದಲ್ಲಿ ಕೆಂಪಾದ ಹಣ್ಣನ್ನಷ್ಟೇ ಆರಿಸಿ ಬಿಡಿಸಬೇಕಾಗಿರುವುದರಿಂದ ಅದಕ್ಕೆ ದಿನಗೂಲಿಯೇ ಸರಿ ಎಂದು ನಮ್ಮ ತಂದೆಯ ಕಾಲದಿಂದಲೂ ನಡೆಸಿಕೊಂಡು ಬಂದಿದ್ದೇವೆ. ಬೆಳಿಗ್ಗೆ 9 ಗಂಟೆ ದಾಟಿ ಬಂದವರಿಗೆ ಅರ್ಧ ಹಾಜರಿ ಎಂಬುದು ಎಲ್ಲರಿಗೂ ಗೊತ್ತಿರುವ ಕಟ್ಟುಪಾಡು.

ಕಳೆದ ಡಿಸೆಂಬರಿನಲ್ಲಿ ಒಂದು ದಿನ ನಮ್ಮಲ್ಲಿಗೆ ಬರುವ ಒಬ್ಬ ಹೆಣ್ಣುಮಗಳು, ರಾತ್ರಿಯಿಡೀ ಜ್ವರದಿಂದ ನರಳಿದ ಮಗುವನ್ನು ಆಸ್ಪತ್ರೆಗೆ ತೋರಿಸಿ, ಅದನ್ನು ಅತ್ತೆಯ ಬಳಿ ಮಲಗಿಸಿ, 11 ಗಂಟೆಗೆ ಓಡೋಡಿ ಬಂದಳು. ಅದರ ಹಿಂದಿನ ಸಂಜೆಯಷ್ಟೇ ಮನೆಯ ಪ್ರಾರ್ಥನೆಯಲ್ಲಿ ನನ್ನ ಮಗಳು ಮತ್ತಾಯನ ಶುಭಸಂದೇಶದ 20ನೆಯ ಅಧ್ಯಾಯವನ್ನು, ಅಂದರೆ ದ್ರಾಕ್ಷೀತೋಟದ ಕೂಲಿಯಾಳುಗಳ ಸಾಮತಿಯನ್ನು (ಬೆಳಿಗ್ಗೆ ಬಂದವರಿಗೂ ಸಂಜೆ ಬಂದವರಿಗೂ ತೋಟದ ಯಜಮಾನನು ಒಂದೇ ಕೂಲಿ ಕೊಟ್ಟನೆಂದು ಯೇಸು ಹೇಳಿದ ದೃಷ್ಟಾಂತಕಥೆಯನ್ನು) ಗಟ್ಟಿಯಾಗಿ ಓದಿದ್ದಳು. ಅದು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಶನಿವಾರದ ಬಟವಾಡೆಯಲ್ಲಿ ಪುಸ್ತಕದಲ್ಲಿದ್ದಂತೆ ಆಕೆಗೆ ಆ ದಿನದ ಅರ್ಧ ಕೂಲಿಯನ್ನು ಎಣಿಸಿ ಕೊಟ್ಟೆ. ಎಲ್ಲರೂ ಹೊರಟ ಮೇಲೆ ಆಕೆಯನ್ನು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಿರುವ ಪಲ್ಪರ್ ಮನೆಯ ಹಿಂದಕ್ಕೆ ಕರೆದು, ಉಳಿದ ಅರ್ಧವನ್ನು ಮಡಚಿ ಕೈಗಿಟ್ಟು, ಯಾರಿಗೂ ಹೇಳಬೇಡವೆಂದೆ.

ಸೋಮವಾರ ಬೆಳಿಗ್ಗೆ ಎಲ್ಲರಿಗೂ ಗೊತ್ತಾಗಿತ್ತು. ನಮ್ಮಲ್ಲಿ ಹದಿನಾಲ್ಕು ವರ್ಷಗಳಿಂದ ದುಡಿಯುತ್ತಿರುವ ಹಿರಿಯ ಹೆಂಗಸೊಬ್ಬರು ಬುಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಲೇ, “ಅಣ್ಣಾ, ಎಂಟು ಗಂಟೆಗೇ ಇಬ್ಬನಿಯಲ್ಲಿ ಸೀರೆ ನೆನೆಸಿಕೊಂಡು ಬಂದ ನಮಗೂ ಅಷ್ಟೇ, ಹನ್ನೊಂದಕ್ಕೆ ಬಂದವಳಿಗೂ ಅಷ್ಟೇನಾ?” ಎಂದು ಕೇಳಿದರು. ನಾನು ತಡವರಿಸಿ, “ಅದು ಮುಂಗಡ, ಮುಂದೆ ಹಿಡಿದುಕೊಳ್ಳುತ್ತೇನೆ” ಎಂದುಬಿಟ್ಟೆ. ಆಕೆಯ ಮಾತಿಗಿಂತಲೂ ನನ್ನ ಆ ಸುಳ್ಳು ನನ್ನನ್ನು ಹೆಚ್ಚು ನೋಯಿಸುತ್ತಿದೆ.

ತಿಳಿದವರಲ್ಲಿ ನನ್ನ ಬಿನ್ನಹ ಎರಡು. ಈ ಸಾಮತಿಯು ನಿಜವಾಗಿ ಕೂಲಿಯ ವಿಷಯವನ್ನು ಹೇಳುತ್ತದೆಯೇ, ಇಲ್ಲವೇ ಸ್ವರ್ಗರಾಜ್ಯದ ವಿಷಯವನ್ನು ಮಾತ್ರ ಹೇಳುತ್ತದೆಯೇ? ಮತ್ತು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಯೇಸುಸ್ವಾಮಿಯ ಮಾತನ್ನು ನೆನೆದೇ ನಾನು ಗುಟ್ಟಾಗಿ ಕೊಟ್ಟಿರುವಾಗ, ಅದು ಏಕೆ ಹೀಗೆ ಕೆಟ್ಟಿತು?

ಉತ್ತರ: ನಿವೃತ್ತ ಶಿಕ್ಷಕಿ, ಚಿಕ್ಕಮಗಳೂರು

ಸಹೋದರರೇ, ಧರ್ಮೋಪದೇಶದ ತರಗತಿಗಳಲ್ಲಿ ಈ ಸಾಮತಿಯನ್ನು ನಾನು ಹಲವು ವರ್ಷ ಹೇಳಿಕೊಟ್ಟಿದ್ದೇನೆ. ಪ್ರತಿ ವರ್ಷವೂ ಯಾವುದಾದರೊಂದು ಮಗು ಎದ್ದುನಿಂತು “ಮಿಸ್, ಇದು ಅನ್ಯಾಯ ಅಲ್ವಾ?” ಎಂದು ಕೇಳಿಯೇ ಕೇಳುತ್ತಿತ್ತು. ಹಾಗೆ ಕೇಳಿದ ಮಗುವೇ ಕಥೆಯನ್ನು ಸರಿಯಾಗಿ ಕೇಳಿಸಿಕೊಂಡಿದೆ ಎಂದು ನಾನು ತಿಳಿಯುತ್ತಿದ್ದೆ.

ಇದನ್ನು 19ನೆಯ ಅಧ್ಯಾಯದ ಕೊನೆಯಿಂದ ಓದಿಕೊಂಡು ಬರಬೇಕು. ಆಸ್ತಿಯನ್ನು ಮಾರಿ ಬಡವರಿಗೆ ಕೊಡೆಂದು ಯೇಸು ಹೇಳಿದ್ದಕ್ಕೆ ಐಶ್ವರ್ಯವಂತನಾದ ಯುವಕನು ದುಃಖದಿಂದ ಹೊರಟುಹೋದ ಮೇಲೆ ಶಿಷ್ಯನಾದ ಪೇತ್ರನು, ತಾವು ಎಲ್ಲವನ್ನೂ ಬಿಟ್ಟು ಹಿಂಬಾಲಿಸಿದ್ದೇವೆ, ತಮಗೆ ಏನು ದೊರಕುತ್ತದೆ ಎಂದು ಕೇಳುತ್ತಾನೆ. ಅದಕ್ಕೆ ಯೇಸು ಸಮಾಧಾನದ ಉತ್ತರವನ್ನೂ ಕೊಡುತ್ತಾರೆ, ಅದರ ಬೆನ್ನಿಗೇ ಈ ಸಾಮತಿಯನ್ನೂ ಹೇಳುತ್ತಾರೆ. ಆದುದರಿಂದ ಇದು ಮೊದಲಿಗೆ, ಬೇಗ ಬಂದು ಹೆಚ್ಚು ದುಡಿದವರು ದೇವರ ಮುಂದೆ ಲೆಕ್ಕದ ಪುಸ್ತಕ ಹಿಡಿದು ನಿಲ್ಲಬಾರದೆಂದು ಶಿಷ್ಯರಿಗೆ ಹೇಳಿದ ಮಾತು. ಎಲ್ಲ ತೋಟದ ಯಜಮಾನರೂ ಹೀಗೆಯೇ ಕೂಲಿ ಕೊಡತಕ್ಕದ್ದೆಂದು ಮಾಡಿದ ಕಾನೂನು ಅದಲ್ಲ. ಹಾಗೆಂದು ಕೂಲಿಗೂ ಇದಕ್ಕೂ ಸಂಬಂಧವೇ ಇಲ್ಲವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ದೇವರ ಒಳ್ಳೆಯತನ ಎಂಥದ್ದೆಂದು ತೋರಿಸಲು ಯೇಸು ಅರಮನೆಯನ್ನೋ ಮಂದಿರವನ್ನೋ ಆರಿಸಿಕೊಳ್ಳದೆ, ಸಂಜೆಯ ಬಟವಾಡೆಯನ್ನು ಆರಿಸಿಕೊಂಡಿದ್ದಾರೆ.

ಕಥೆಯಲ್ಲಿ ನನ್ನನ್ನು ಬಹಳ ಕಾಲ ಹಿಡಿದು ನಿಲ್ಲಿಸಿದ ಒಂದು ಸಂಗತಿಯಿದೆ. ಯಜಮಾನನಿಗೆ ಪಾರುಪತ್ಯಗಾರನೊಬ್ಬನಿದ್ದಾನೆ; ಸಂಜೆ ಕೂಲಿ ಹಂಚುವವನು ಅವನೇ. ಆದರೂ ಆಳುಗಳನ್ನು ಕರೆಯಲು ಪೇಟೆಗೆ ಹೋಗುವವನು ಯಜಮಾನನೇ, ಅದೂ ಒಂದು ಸಲವಲ್ಲ. ನಸುಕಿನಲ್ಲಿ, ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕಡೆಗೆ ಹೊತ್ತು ಮುಳುಗಲು ಒಂದೇ ಗಂಟೆ ಉಳಿದಿರುವಾಗ ಐದಕ್ಕೆ, ಹೀಗೆ ಐದು ಸಲ ಹೋಗುತ್ತಾನೆ. ಐದು ಗಂಟೆಗೆ ನಿಂತಿದ್ದವರನ್ನು ಅವನು ಸೋಮಾರಿಗಳೆಂದು ಬೈಯುವುದಿಲ್ಲ, ದಿನವೆಲ್ಲಾ ಏಕೆ ಸುಮ್ಮನೆ ನಿಂತಿದ್ದೀರೆಂದು ಕೇಳುತ್ತಾನೆ. ಯಾರೂ ತಮ್ಮನ್ನು ಕೆಲಸಕ್ಕೆ ಕರೆಯಲಿಲ್ಲವೆಂದು ಅವರು ಹೇಳಿದಾಗ ನಂಬುತ್ತಾನೆ. ಮೂಡಿಗೆರೆಯ ಸಹೋದರರು ಆ ತಾಯಿಯ ಮಾತನ್ನು ಕೇಳಿ ನಂಬಿದ್ದೀರಿ. ಸಾಮತಿಯ ಅರ್ಧವನ್ನು ಅಲ್ಲಿಯೇ ಪಾಲಿಸಿದ್ದೀರಿ.

ಇನ್ನರ್ಧ ಉಳಿದಿದೆ. ಯಜಮಾನನು ಕಡೆಗೆ ಬಂದವರಿಂದ ಆರಂಭಿಸಿ ಕೂಲಿ ಕೊಡಿಸುತ್ತಾನೆ. ಮೊದಲು ಬಂದವರಿಗೆ ಮೊದಲು ಕೊಟ್ಟು ಕಳುಹಿಸಿದ್ದರೆ ಅವರು ದಿನದ ಕೂಲಿಯೆಂದು ಒಪ್ಪಿಕೊಂಡಿದ್ದ ಒಂದು ದೆನಾರಿಯಸ್ ನಾಣ್ಯವನ್ನು ಸೆರಗಿಗೆ ಕಟ್ಟಿಕೊಂಡು ನೆಮ್ಮದಿಯಾಗಿ ಮನೆ ಸೇರುತ್ತಿದ್ದರು, ಗೊಣಗಾಟವೇ ಹುಟ್ಟುತ್ತಿರಲಿಲ್ಲ. ಅವನು ಬೇಕೆಂದೇ ಎಲ್ಲರ ಕಣ್ಣೆದುರಿಗೆ ಕೊಡಿಸಿದ. ಗೊಣಗಿದವನಿಗೂ ಮುಖ ತಿರುಗಿಸದೆ, “ಗೆಳೆಯಾ” ಎಂದು ಕರೆದು ಉತ್ತರ ಕೊಟ್ಟ. ಅವನ ಕಡೆಯ ಪ್ರಶ್ನೆಯು ಮೂಲ ಗ್ರೀಕಿನಲ್ಲಿ, ನಾನು ಒಳ್ಳೆಯವನಾಗಿರುವುದರಿಂದ ನಿನ್ನ ಕಣ್ಣು ಕೆಟ್ಟಿತೇ ಎಂಬ ಅರ್ಥ ಕೊಡುತ್ತದೆ. ಕನ್ನಡದಲ್ಲಿ ಇದಕ್ಕೆ ವಿವರಣೆ ಬೇಕಿಲ್ಲ. ನಮ್ಮಲ್ಲಿ ಕಣ್ಣುರಿ ಎಂಬ ಮಾತೇ ಇದೆ.

ಉತ್ತರ: ಸಕಲೇಶಪುರ ಕಡೆಯ ಬೆಳೆಗಾರ

ಮೇಲಿನ ಶಿಕ್ಷಕಿಯವರ ವಿವರಣೆಯನ್ನು ಗೌರವಿಸುತ್ತೇನೆ. ಆದರೆ ನಮ್ಮಂಥ ಯಜಮಾನರು ಈ ಸಾಮತಿಯನ್ನು ಓದುವಾಗ ಒಂದು ಎಚ್ಚರ ಇರಬೇಕೆಂದು ನನ್ನ ಅನುಭವ ಹೇಳುತ್ತದೆ. ಆ ಯಜಮಾನನು ಕಡೆಯವರಿಗೆ ಧಾರಾಳವಾಗಿ ಕೊಡುವುದಕ್ಕೆ ಮೊದಲು, ಮೊದಲು ಬಂದವರೊಂದಿಗೆ ಮಾಡಿಕೊಂಡ ಒಪ್ಪಂದವನ್ನು ಪೈಸೆ ಬಿಡದೆ ಪಾಲಿಸಿದ್ದಾನೆ. ಅದನ್ನು ಪಾಲಿಸಿದ್ದರಿಂದಲೇ, ನಿನಗೆ ನಾನು ಅನ್ಯಾಯ ಮಾಡಲಿಲ್ಲವೆಂದು ಎದೆತಟ್ಟಿ ಹೇಳಬಲ್ಲವನಾದ. ಕೂಲಿಯನ್ನು ಆ ಸಂಜೆಯೇ ಕೊಡಿಸುತ್ತಾನೆ. ಬೈಬಲಿನ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಹೇಳುವುದೂ ಅದನ್ನೇ: ಕೂಲಿಯವನು ಬಡವನಾಗಿದ್ದು ಆ ಕೂಲಿಯ ಮೇಲೆಯೇ ಆಸೆಯಿಟ್ಟುಕೊಂಡಿರುವುದರಿಂದ, ಹೊತ್ತು ಮುಳುಗುವುದರೊಳಗೆ ಅದನ್ನು ಕೊಡಬೇಕು.

ನನ್ನ ತಪ್ಪನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಕಣದಲ್ಲಿ ಹರಡಿದ್ದ ಕಾಫಿ ಅಕಾಲದ ಮಳೆಗೆ ನೆನೆದು, ವ್ಯಾಪಾರ ಕುದುರದೆ, ಮೂರು ವಾರ ಬಟವಾಡೆಯನ್ನು ಮುಂದೂಡಿದೆ. ಅದೇ ತಿಂಗಳಲ್ಲಿ ನಮ್ಮ ಚರ್ಚಿನ ಹಬ್ಬಕ್ಕೆ ಒಳ್ಳೆಯ ಮೊತ್ತದ ಕಾಣಿಕೆ ಕೊಟ್ಟಿದ್ದೆ, ಒಬ್ಬ ಆಳಿನ ಮಗಳ ಮದುವೆಗೆ ಸಹಾಯವನ್ನೂ ಮಾಡಿದ್ದೆ. ಇದನ್ನೆಲ್ಲಾ ಧರ್ಮವೆಂದು ತಿಳಿದಿದ್ದವನಿಗೆ, ಯಾಕೋಬನ ಪತ್ರದ 5ನೆಯ ಅಧ್ಯಾಯದಲ್ಲಿ, ಹೊಲ ಕೊಯ್ದವರಿಂದ ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆಂಬ ಮಾತನ್ನು ಓದಿದಾಗ ಬೆವರು ಬಂತು. ಆಳುಗಳು ಕೂಗುವುದಕ್ಕೂ ಮೊದಲು, ನನ್ನ ಬೀರುವಿನಲ್ಲಿದ್ದ ಅವರ ಹಣವೇ ಕೂಗುತ್ತದೆ ಎಂದು ಅಪೊಸ್ತಲನು ಹೇಳುತ್ತಿದ್ದಾನೆ. ಆ ವರ್ಷದಿಂದ ಕಾಫಿ ಮಾರಾಟವಾಗಲಿ ಬಿಡಲಿ, ಸಾಲ ಮಾಡಿಯಾದರೂ ಶನಿವಾರದ ಬಟವಾಡೆಯನ್ನು ತಪ್ಪಿಸಿಲ್ಲ. ಆದುದರಿಂದ ಮೂಡಿಗೆರೆಯವರಿಗೆ ನನ್ನ ಮೊದಲ ಪ್ರಶ್ನೆ: ಆ ಹಿರಿಯ ಹೆಂಗಸಿಗೆ ಹದಿನಾಲ್ಕು ವರ್ಷಗಳಲ್ಲಿ ಸಲ್ಲಬೇಕಾದುದೆಲ್ಲವೂ ಸಂದಿದೆಯೇ? ಕಣ್ಣುರಿ ಎನ್ನುವ ಮೊದಲು ಅದನ್ನು ನೋಡಿಕೊಳ್ಳುವುದು ಒಳ್ಳೆಯದು.

ಎರಡನೆಯದಾಗಿ, ಬೈಬಲಿನ ಮಾತನ್ನು ತೋಟಕ್ಕೆ ತರುವಾಗ ಅಕ್ಷರವನ್ನಷ್ಟೇ ಎತ್ತಿಕೊಂಡು ಬಂದರೆ ಕೆಲವೊಮ್ಮೆ ಕೆಡುಕಾಗುತ್ತದೆ. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ, ಪೈರು ಕೊಯ್ಯುವಾಗ ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ದ್ರಾಕ್ಷೀತೋಟದಲ್ಲಿ ಉದುರಿದ ಹಣ್ಣನ್ನು ಆರಿಸಬಾರದು, ಅವು ಬಡವರಿಗೂ ಪರದೇಶಿಗಳಿಗೂ ಸೇರಿದವು ಎಂದಿದೆ. ಇದನ್ನು ಓದಿ ನಾನು ಒಂದು ಸಾಲು ರೊಬಸ್ಟಾದ ಅಡಿಯಲ್ಲಿ ಉದುರುಹಣ್ಣನ್ನು ಹಾಗೆಯೇ ಬಿಟ್ಟೆ. ಬೇಕಾದವರು ಆರಿಸಿಕೊಳ್ಳಲಿ ಎಂದುಕೊಂಡಿದ್ದೆ, ಯಾರೂ ಬರಲಿಲ್ಲ. ಮುಂದಿನ ಹಂಗಾಮಿನಲ್ಲಿ ಆ ಸಾಲಿನ ಕಾಯಿಗಳ ತುದಿಯಲ್ಲಿ ಸೂಜಿಯಿಂದ ಚುಚ್ಚಿದಂಥ ತೂತುಗಳು ಕಾಣಿಸಿದವು. ನಮ್ಮ ದೇಶದಲ್ಲಿ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಪತ್ತೆಯಾದ ಕಾಯಿಕೊರಕ ಹುಳು, ಗಿಡದಲ್ಲಿ ಉಳಿದ ಮತ್ತು ನೆಲಕ್ಕೆ ಬಿದ್ದ ಹಣ್ಣುಗಳಲ್ಲಿಯೇ ಬದುಕುಳಿದು ಮುಂದಿನ ಬೆಳೆಗೆ ಏರುತ್ತದೆಂಬುದು ನನಗೆ ಗೊತ್ತಿದ್ದೂ ಮರೆತಿದ್ದೆ. ಈಗ ಉದುರುಹಣ್ಣನ್ನು ಒಂದೂ ಬಿಡದಂತೆ ಆರಿಸುತ್ತೇವೆ. ಆದರೆ ಹಾಗೆ ಆರಿಸಿದ್ದನ್ನು ಬೇರೆಯಾಗಿ ಒಣಗಿಸಿ ಮಾರಿ, ಬಂದ ಹಣವನ್ನು ಆಳುಗಳು ವಾಸಿಸುವ ಲೈನ್ ಮನೆಗಳ ಕುಟುಂಬಗಳಿಗೆ ಸಮನಾಗಿ ಹಂಚುತ್ತೇವೆ. ಕಟ್ಟಳೆಯ ಉದ್ದೇಶ ಹುಳುವಿಗೆ ಉಣಿಸುವುದಾಗಿರಲಿಲ್ಲವಷ್ಟೆ.

ಉತ್ತರ: ಹಾಸನದಿಂದ ಒಬ್ಬ ಸಹೋದರಿ

ಮೇಲಿನ ಇಬ್ಬರೂ ಕೊಡುವವರ ಕಡೆಯಿಂದ ಬರೆದಿದ್ದಾರೆ. ನನ್ನ ತಾಯಿ ಚಿಕ್ಕಮಗಳೂರು ಜಿಲ್ಲೆಯ ತೋಟವೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಣ್ಣು ಬಿಡಿಸಿದವರು. ನಾನು ಬೆಳೆದದ್ದು ಅಲ್ಲಿಯ ಕೂಲಿ ಲೈನಿನಲ್ಲಿ. ಆದುದರಿಂದ ಪಲ್ಪರ್ ಮನೆಯ ಹಿಂದೆ ಹಣ ಪಡೆದ ಆ ಹೆಣ್ಣುಮಗಳ ಕಡೆಯಿಂದ ಕೆಲವು ಮಾತು ಹೇಳಬೇಕೆನಿಸಿತು.

ನನಗೆ ಒಂಬತ್ತು ವರ್ಷವಾಗಿದ್ದಾಗ ಯಜಮಾನರು ನನ್ನ ತಾಯಿಗೂ ಹೀಗೆಯೇ ಗುಟ್ಟಾಗಿ ಹಣ ಕೊಟ್ಟಿದ್ದರು. ಅವರ ಮನಸ್ಸು ಒಳ್ಳೆಯದೇ ಆಗಿತ್ತು, ಅದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ನನ್ನ ತಮ್ಮನಿಗೆ ಕೆಮ್ಮು ಹೆಚ್ಚಾಗಿದ್ದ ಕಾಲ ಅದು. ತಾಯಿ ನೋಟನ್ನು ರವಿಕೆಯೊಳಗೆ ಇಟ್ಟುಕೊಂಡು ಬಂದವರು ಅಡುಗೆ ಮನೆಯ ಮೂಲೆಯಲ್ಲಿದ್ದ ಸಾಸಿವೆ ಡಬ್ಬಿಯಲ್ಲಿ ಮುಚ್ಚಿಟ್ಟು, ಯಾರಿಗೂ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡರು. ಎರಡು ದಿನಗಳಲ್ಲಿ ಲೈನಿನಲ್ಲಿ ಮಾತು ಹಬ್ಬಿತು. ಗಂಡ ಊರಿನಲ್ಲಿಲ್ಲದ ಹೆಂಗಸಿಗೆ ಯಜಮಾನ ಮರೆಯಲ್ಲಿ ಏಕೆ ದುಡ್ಡು ಕೊಡುತ್ತಾನೆ ಎಂಬ ಮಾತು. ನಲ್ಲಿಯ ಬಳಿ ತಾಯಿ ಕೊಡ ಇಟ್ಟರೆ ಉಳಿದವರು ಮಾತು ನಿಲ್ಲಿಸುತ್ತಿದ್ದರು. ತಾಯಿ ಆ ಹಣವನ್ನು ಖರ್ಚು ಮಾಡಲೇ ಇಲ್ಲ. ಮುಂದಿನ ಬಟವಾಡೆಯ ದಿನ ಎಲ್ಲರ ಎದುರಿಗೆ ಮೇಜಿನ ಮೇಲಿಟ್ಟು, “ಇದು ಲೆಕ್ಕ ತಪ್ಪಿ ಬಂದಿದೆ” ಎಂದು ಹೇಳಿ ಬಂದರು. ತಮ್ಮನ ಔಷಧಿಗೆ ಕಿವಿಯ ಓಲೆಯನ್ನು ಅಡವಿಟ್ಟರು.

ಬಲಗೈ ಎಡಗೈಯ ಮಾತನ್ನು ಯೇಸುಸ್ವಾಮಿ ಹೇಳಿದ್ದು ದಾನದ ಬಗ್ಗೆ, ಅದೂ ಬೀದಿಯಲ್ಲಿ ತುತ್ತೂರಿ ಊದಿಸಿಕೊಂಡು ಕೊಡುವವರನ್ನು ಕುರಿತು. ಕೂಲಿ ದಾನವಲ್ಲ. ಸಂತ ಪೌಲನು ರೋಮನರಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ, ದುಡಿದವನಿಗೆ ಬರುವ ಕೂಲಿಯು ಕೃಪೆಯಿಂದ ಕೊಟ್ಟದ್ದಲ್ಲ, ಸಲ್ಲಬೇಕಾದ ಋಣ ಎನ್ನುತ್ತಾನೆ. ದ್ರಾಕ್ಷೀತೋಟದ ಯಜಮಾನನು ಐದು ಗಂಟೆಗೆ ಬಂದವರಿಗೆ ಕೊಟ್ಟದ್ದರಲ್ಲಿ ಹೆಚ್ಚಿನ ಪಾಲು ಅವನ ಒಳ್ಳೆಯತನವೇ ಆದರೂ, ಅವನು ಅದನ್ನು ಭಿಕ್ಷೆಯಂತೆ ಕೊಡಲಿಲ್ಲ. ಉಳಿದವರ ಸಾಲಿನಲ್ಲಿಯೇ ನಿಲ್ಲಿಸಿ, ಅದೇ ಪಾರುಪತ್ಯಗಾರನ ಕೈಯಿಂದ, ಕೂಲಿ ಎಂಬ ಅದೇ ಹೆಸರಿನಲ್ಲಿ ಕೊಡಿಸಿದ. ಅವರು ಆ ನಾಣ್ಯವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಮನೆಗೆ ನಡೆಯಬಹುದಾಗಿತ್ತು, ಮುಚ್ಚಿಕೊಳ್ಳಬೇಕಾಗಿರಲಿಲ್ಲ.

ಇದಕ್ಕಿಂತಲೂ ನನಗೆ ಹತ್ತಿರವಾದ ಕಥೆ ಬೈಬಲಿನ ರೂತಳದು. ಬೇತ್ಲೆಹೇಮಿನಲ್ಲಿ ಜವೆಗೋಧಿಯ ಕೊಯ್ಲಿನ ಕಾಲ; ಮೋವಾಬಿನಿಂದ ಬಂದ ವಿಧವೆ, ಅತ್ತೆಯನ್ನು ಸಾಕುವುದಕ್ಕಾಗಿ ಹಕ್ಕಲು ಆಯಲು, ಅಂದರೆ ಕೊಯ್ದವರು ಬಿಟ್ಟ ತೆನೆಗಳನ್ನು ಆರಿಸಿಕೊಳ್ಳಲು, ಬೋವಜನ ಹೊಲಕ್ಕೆ ಬರುತ್ತಾಳೆ. ಬೋವಜನು ಅವಳನ್ನು ಪಕ್ಕಕ್ಕೆ ಕರೆದು ಧಾನ್ಯ ಕೊಟ್ಟು ಕಳುಹಿಸಬಹುದಾಗಿತ್ತು. ಹಾಗೆ ಮಾಡದೆ, ಊಟದ ಹೊತ್ತಿಗೆ ಕೊಯ್ಯುವವರ ಪಕ್ಕದಲ್ಲಿಯೇ ಕೂರಿಸಿ ಹುರಿದ ಕಾಳು ಕೊಡುತ್ತಾನೆ. ಆಮೇಲೆ ತನ್ನ ಆಳುಗಳಿಗೆ, ಅವಳು ಸಿವುಡುಗಳ ನಡುವೆ ಆಯ್ದರೂ ಅವಳಿಗೆ ನಾಚಿಕೆಯಾಗುವಂತೆ ಮಾಡಬೇಡಿರಿ, ಸಿವುಡುಗಳಿಂದ ತೆನೆಗಳನ್ನು ಸೆಳೆದು ಅವಳಿಗಾಗಿ ಬಿಡಿರಿ, ಗದರಿಸಬೇಡಿರಿ ಎಂದು ಅಪ್ಪಣೆ ಕೊಡುತ್ತಾನೆ. ಆಳುಗಳಿಗೆ ಎಲ್ಲವೂ ಗೊತ್ತು. ರೂತಳೂ ಸಂಜೆಯವರೆಗೆ ಬೆನ್ನು ಬಗ್ಗಿಸಿ ಆಯ್ದು, ತಾನೇ ಬಡಿದು, ಸುಮಾರು ಒಂದು ಏಫಾ ಜವೆಗೋಧಿಯನ್ನು ಹೊತ್ತುಕೊಂಡು ಹೋಗುತ್ತಾಳೆ. ಅದು ಇಪ್ಪತ್ತು ಲೀಟರಿಗೂ ಮಿಕ್ಕಿದ ಅಳತೆ. ಅತ್ತೆ ನೊವೊಮಿಯು ಎಲ್ಲಿ ದುಡಿದೆಯೆಂದು ಕೇಳಿದಾಗ ತಲೆಯೆತ್ತಿ ಯಜಮಾನನ ಹೆಸರು ಹೇಳುತ್ತಾಳೆ. ನನ್ನ ತಾಯಿಗೆ ಆ ಹೆಸರನ್ನು ಹೇಳುವ ಭಾಗ್ಯ ಸಿಗಲಿಲ್ಲ.

ಇನ್ನೊಂದು ಮಾತು. ನಿಮ್ಮ ಆಳು ತಡವಾಗಿ ಬಂದದ್ದು ಮಗುವಿನ ಆರೈಕೆಗಾಗಿ. 1951ರ ತೋಟ ಕಾರ್ಮಿಕರ ಕಾಯಿದೆಯು 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟಗಳಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಕೋಣೆ ಇರಬೇಕೆಂದು ವಿಧಿಸಿತ್ತು. ಆರು ಎಕರೆಯ ತೋಟಕ್ಕೆ ಅಂಥ ಕಟ್ಟಳೆ ತಾಗುವುದಿಲ್ಲ. ಹಾಗಿರುವಲ್ಲಿ ಮಗುವಿನ ಜ್ವರಕ್ಕೆ ಬೆಲೆ ಕಟ್ಟಬೇಕಾದುದು ಯಾರೆಂಬುದನ್ನು ನೀವೇ ಗೊತ್ತುಮಾಡಬೇಕಾಗುತ್ತದೆ.

ಉತ್ತರ: ತರೀಕೆರೆಯಿಂದ

ನಾನು ಕ್ರೈಸ್ತನಲ್ಲ. ಹಕ್ಕಲು ಆಯುವ ರೂತಳ ಪ್ರಸ್ತಾಪ ಬಂದುದರಿಂದ, ನಮ್ಮ ಮನೆಯಲ್ಲಿ ಅಜ್ಜಿ ಹೇಳುತ್ತಿದ್ದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ನೆನಪಾಯಿತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿಸಿದರಂತೆ. ಹಾಸನದ ಸಹೋದರಿಯ ತಾಯಿಯವರು ಹಣವನ್ನು ಮೇಜಿನ ಮೇಲೆ ಇಟ್ಟು ಬಂದರೆಂದು ಓದಿದಾಗ ನನಗೆ ಲಕ್ಕಮ್ಮನವರೇ ಕಣ್ಣಮುಂದೆ ಬಂದರು. ಪಡೆಯುವವರಿಗೂ ಒಂದು ಕಾಯಕದ ಅಭಿಮಾನವಿರುತ್ತದೆ. ಕೊಡುವವರು ಅದನ್ನು ಮುಟ್ಟದಂತೆ ಕೊಡಬೇಕು. ಆ ತಾಯಿಯವರಿಗೆ ನನ್ನ ಶರಣು.

ಮತ್ತೆ ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞನಾಗಿದ್ದೇನೆ. ಹಾಸನದ ಸಹೋದರಿಯ ಉತ್ತರವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಕೆಯ ಹೆಸರಿಗೆ ಕಳಂಕ ಬರಬಹುದೆಂಬುದು ನನಗೆ ಹೊಳೆದೇ ಇರಲಿಲ್ಲ. ನನ್ನ ಹೆಂಡತಿಗೆ ಹೊಳೆದಿತ್ತಂತೆ, ನಾನು ಕೇಳಿರಲಿಲ್ಲ.

ಸಕಲೇಶಪುರದವರ ಪ್ರಶ್ನೆಗೆ ಮೊದಲು ಉತ್ತರ ಹುಡುಕಿದೆ. ಹಳೆಯ ಹಾಜರಿ ಪುಸ್ತಕಗಳನ್ನು ತೆಗೆದು ನಾನೂ ನನ್ನ ಮಗಳೂ ಕುಳಿತು ನೋಡಿದಾಗ, ಆ ಹಿರಿಯ ಹೆಂಗಸಿಗೆ ಎರಡು ವರ್ಷಗಳ ಹಿಂದೆ ಕೂಲಿ ಹೆಚ್ಚಿಸಿದಾಗ ಮೂರು ವಾರ ಹಳೆಯ ದರದಲ್ಲಿಯೇ ಲೆಕ್ಕ ಹಾಕಿದ್ದು ಕಂಡಿತು. ದೊಡ್ಡ ಮೊತ್ತವಲ್ಲ. ಆಕೆ ಅದನ್ನು ಎಂದೂ ಕೇಳಿರಲಿಲ್ಲ.

ಕಳೆದ ಶನಿವಾರದ ಬಟವಾಡೆಯನ್ನು ಮನೆಯ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ಮಾಡಿದೆ. ಮುಂಗಡವೆಂದು ನಾನು ಹೇಳಿದ್ದು ಸುಳ್ಳೆಂದು ಮೊದಲು ಒಪ್ಪಿಕೊಂಡೆ. ಡಿಸೆಂಬರಿನ ಆ ದಿನದ ಅರ್ಧ ಹಾಜರಿಯನ್ನು ಎಲ್ಲರೆದುರಿಗೇ ಪೂರ್ಣ ಎಂದು ತಿದ್ದಿ, ಹಣ ಆಗಲೇ ಸಂದಿದೆ ಎಂದು ಬರೆದು, ಕಾರಣವನ್ನೂ ಬರೆದೆ. ಮಗುವಿಗೆ ಕಾಯಿಲೆಯಾಗಿ ತಡವಾದರೆ ಇನ್ನು ಮುಂದೆ ಯಾರಿಗೇ ಆಗಲಿ ಪೂರ್ಣ ಕೂಲಿ ಎಂದು ಹೇಳಿದೆ. ಹಿರಿಯ ಹೆಂಗಸಿಗೆ ಬರಬೇಕಾದ ಬಾಕಿಯನ್ನು ಎಣಿಸಿ ಕೊಟ್ಟಾಗ ಆಕೆ ಎರಡು ಸಲ ಎಣಿಸಿಕೊಂಡು ಸೆರಗಿಗೆ ಕಟ್ಟಿದರು. ಆಮೇಲೆ ಕೇಳಿದರು: “ನನ್ನ ಮಕ್ಕಳೆಲ್ಲ ದೊಡ್ಡವರಾದರು ಅಣ್ಣಾ. ನನಗೆ ಮಂಡಿ ಹಿಡಿದುಕೊಂಡು ಏಳಲಿಕ್ಕೆ ಆಗದ ದಿನ ಏನು ಬರೀತೀರಿ?”

ನಾನು ಅದನ್ನು ಯೋಚಿಸಿರಲಿಲ್ಲ. ವರ್ಷಕ್ಕೆ ಎಷ್ಟು ದಿನ ಹಾಗಾಗುತ್ತದೆಂದು ಕೇಳಿದೆ. ಆಕೆ ಬೆರಳು ಮಡಚುತ್ತಾ ಲೆಕ್ಕ ಹಾಕುತ್ತಿದ್ದಂತೆ, ತಡವಾಗಿ ಬಂದಿದ್ದ ಆ ತಾಯಿಯೇ ಪಕ್ಕದಿಂದ, “ಆ ಅಕ್ಕ ಕಡಿಮೆ ಹೇಳ್ತಾರೆ ಅಣ್ಣಾ, ಮಳೆಗಾಲದಲ್ಲೇ ಹತ್ತು ದಿನ ಆಗುತ್ತೆ” ಎಂದಳು. ಹತ್ತು ಎಂದು ಬರೆದುಕೊಂಡಿದ್ದೇನೆ. ಈ ಶನಿವಾರದೊಳಗೆ ನಾನೂ ನನ್ನ ಹೆಂಡತಿಯೂ ಕುಳಿತು, ಈ ವರ್ಷದ ಕಾಫಿಯ ಹಣದಲ್ಲಿ ಅದಕ್ಕೆ ಎಷ್ಟು ತೆಗೆದಿಡಬಹುದೆಂದು ಲೆಕ್ಕ ಮಾಡಿ ಅವರಿಗೆ ತಿಳಿಸಬೇಕಾಗಿದೆ.